ಪಿಕಪ್ ಗಾಡಿಗೆ ಡೀಸೆಲ್ ಇಂಜಿನ್ ಇನ್ನೂ ಬೇಕೇ? ವಾಟ್ಸಾಪ್ ಹೇಳುವುದೊಂದು, ಲೆಕ್ಕ ಹೇಳುವುದೊಂದು

“2027ಕ್ಕೆ ಡೀಸೆಲ್ ಗಾಡಿ ಬಂದ್. ಈಗ ತಗೊಂಡವರು ಮುಳುಗಿದರು. ಎಲ್ಲ ಗ್ರೂಪ್‌ಗೂ ಕಳಿಸಿ.”

ಇಂಥದ್ದೊಂದು ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: “ಲೋಡ್ ಹೊಡೆಯುವವನಿಗೆ ಡೀಸೆಲ್ ಬಿಟ್ಟರೆ ಗತಿಯಿಲ್ಲ, ಪೆಟ್ರೋಲ್ ಗಾಡಿ ಬರೀ ಆಟಿಕೆ.” ಎರಡನ್ನೂ ಓದಿದವರು ಗೊಂದಲಕ್ಕೆ ಬೀಳುವುದು ಸಹಜ. ಬಾಗಲಕೋಟೆಯ ನವನಗರದಲ್ಲೋ ಇಳಕಲ್‌ನಲ್ಲೋ ಒಂದು ಮನೆಯವರು ಸಾಲ ಮಾಡಿ ಪಿಕಪ್ ಕೊಳ್ಳುತ್ತಾರೆ ಎಂದರೆ ಅದು ನಾಲ್ಕೈದು ವರ್ಷದ ಕಂತಿನ ಮಾತು. ಇಂಜಿನ್ ಆಯ್ಕೆ ತಪ್ಪಿದರೆ ದುಡಿಮೆಯೆಲ್ಲ ಬಂಕ್‌ಗೂ ವರ್ಕ್‌ಶಾಪ್‌ಗೂ ಹೋಗುತ್ತದೆ.

ಒಂದೇ ಮಾತಿನಲ್ಲಿ ಹೇಳುವುದಾದರೆ ಎರಡು ಸಂದೇಶಗಳೂ ಅರ್ಧ ಸತ್ಯ. ಡೀಸೆಲ್ ಸತ್ತಿಲ್ಲ, ಆದರೆ ಎಲ್ಲರಿಗೂ ಅದೇ ಸರಿ ಎನ್ನುವ ಕಾಲ ಮುಗಿದಿದೆ. ಹೇಗೆಂದು ನೋಡೋಣ.

ಮೊದಲ ಪ್ರಶ್ನೆ: ಡೀಸೆಲ್ ಗಾಡಿ ನಿಷೇಧವಾಗಿದೆಯೇ?

ಬಾಗಲಕೋಟೆ ಜಿಲ್ಲೆಯಲ್ಲಿ ಇಲ್ಲ. ಕರ್ನಾಟಕದಲ್ಲೂ ಇಲ್ಲ. 2027ರ ಮಾತು ಎಲ್ಲಿಂದ ಬಂತು ಎಂದರೆ, ಪೆಟ್ರೋಲಿಯಂ ಇಲಾಖೆಯ ಮಾಜಿ ಕಾರ್ಯದರ್ಶಿ ತರುಣ್ ಕಪೂರ್ ಅಧ್ಯಕ್ಷತೆಯ ಸಲಹಾ ಸಮಿತಿಯ ವರದಿಯೊಂದು 2023ರಲ್ಲಿ ಸುದ್ದಿಯಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳು ಮತ್ತು ಮಾಲಿನ್ಯ ವಿಪರೀತವಾಗಿರುವ ಪಟ್ಟಣಗಳಲ್ಲಿ 2027ರೊಳಗೆ ಡೀಸೆಲ್ ನಾಲ್ಕು ಚಕ್ರದ ಗಾಡಿಗಳನ್ನು ನಿಲ್ಲಿಸಬೇಕು ಎಂಬುದು ಅದರ ಒಂದು ಶಿಫಾರಸು. ಶಿಫಾರಸು ಎಂದರೆ ಕಾನೂನಲ್ಲ. ವರದಿಯನ್ನು ಇನ್ನೂ ಒಪ್ಪಿಕೊಂಡಿಲ್ಲ ಎಂದು ಕೇಂದ್ರ ಸರ್ಕಾರ ಆಗಲೇ ತಿಳಿಸಿತ್ತು. ಅಷ್ಟಕ್ಕೂ 2011ರ ಜನಗಣತಿಯಲ್ಲಿ ಬಾಗಲಕೋಟೆ ನಗರದ ಜನಸಂಖ್ಯೆ ಸುಮಾರು 1.12 ಲಕ್ಷ. ಬಾದಾಮಿ, ಹುನಗುಂದ, ಇಳಕಲ್ ಇನ್ನೂ ಚಿಕ್ಕವು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಡೀಸೆಲ್ ಗಾಡಿಗಳ ಮೇಲೆ ಶೇ. 10ರಷ್ಟು ಹೆಚ್ಚುವರಿ ಜಿಎಸ್‌ಟಿ ಹಾಕುವ ಮಾತನ್ನು ಸಚಿವ ನಿತಿನ್ ಗಡ್ಕರಿ ಆಡಿದ್ದರು. ಅಂಥ ಪ್ರಸ್ತಾವ ಸದ್ಯ ಸರ್ಕಾರದ ಮುಂದಿಲ್ಲ ಎಂದು ಅದೇ ದಿನ ಅವರೇ ಸ್ಪಷ್ಟಪಡಿಸಿದರು. ಮೊದಲಿನ ಮಾತು ಫಾರ್ವರ್ಡ್ ಆಯಿತು, ಸ್ಪಷ್ಟನೆ ಆಗಲಿಲ್ಲ. ನಿಜಕ್ಕೂ ಆಗಿದ್ದು ತಿರುವುಮುರುವು: 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು.

“ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸುವಂತಿಲ್ಲ” ಎಂಬ ಇನ್ನೊಂದು ಸಂದೇಶದ ಮೂಲ ದೆಹಲಿ. ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದದ್ದು ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶಕ್ಕೆ. ಇಳಕಲ್‌ನಲ್ಲಿ ಓಡುವ ಗಾಡಿಗೆ ಆ ಆದೇಶ ತಗಲುವುದಿಲ್ಲ. ಇಲ್ಲಿ ಫಿಟ್‌ನೆಸ್ ಮತ್ತು ಹೊಗೆ ತಪಾಸಣೆ ಪಾಸಾಗಬೇಕು, ಅಷ್ಟೇ.

“ಲೋಡ್ ಎಂದರೆ ಡೀಸೆಲ್” ಎಂಬ ಮಾತು ಬಂದದ್ದು ಹೇಗೆ?

ಹಿರಿಯರು ಸುಮ್ಮನೆ ಹೇಳಿದ ಮಾತಲ್ಲ ಇದು. ಒಂದು ಕಾಲಕ್ಕೆ ಅಕ್ಷರಶಃ ನಿಜವಾಗಿತ್ತು. ಅದಕ್ಕೆ ಮೂರು ಕಾರಣಗಳಿದ್ದವು.

ಮೊದಲನೆಯದು ಬೆಲೆ. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದ್ದಾಗ ಡೀಸೆಲ್ 41 ರೂಪಾಯಿಯ ಒಳಗಿತ್ತು. ಅಂತರ 32 ರೂಪಾಯಿ! ಡೀಸೆಲ್ ದರವನ್ನು ಸರ್ಕಾರ ಹಿಡಿದಿಟ್ಟಿತ್ತು. 2014ರ ಅಕ್ಟೋಬರ್‌ನಲ್ಲಿ ಆ ನಿಯಂತ್ರಣ ತೆಗೆದರು. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಎರಡೂ ಇಂಧನಗಳ ಮಾರಾಟ ತೆರಿಗೆ ಏರಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ ಮತ್ತೆ ಏರಿ ಶೇ. 21.17 ಆಯಿತು. ಅದಾದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ ಸುಮಾರು 91, ಪೆಟ್ರೋಲ್ ಸುಮಾರು 103 ರೂಪಾಯಿ. ಅಂತರ 12 ರೂಪಾಯಿಗೆ ಇಳಿಯಿತು.

ಎರಡನೆಯದು ಇಂಜಿನ್‌ನ ಗುಣ. ಪೆಟ್ರೋಲ್ ಇಂಜಿನ್ ಕಿಡಿಯಿಂದ ಹೊತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್ ಗಾಳಿಯನ್ನೇ ಗಟ್ಟಿಯಾಗಿ ಅದುಮಿ, ಅದರ ಬಿಸಿಗೆ ಡೀಸೆಲ್ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಪೆಟ್ರೋಲ್ ಇಂಜಿನ್ ಗಾಳಿಯನ್ನು ಸುಮಾರು ಹತ್ತನೇ ಒಂದು ಭಾಗಕ್ಕೆ ಅದುಮಿದರೆ ಡೀಸೆಲ್ ಇಂಜಿನ್ ಹದಿನಾರು-ಹದಿನೆಂಟನೇ ಒಂದು ಭಾಗಕ್ಕೆ ಅದುಮುತ್ತದೆ. ಹೆಚ್ಚು ಅದುಮಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಜೊತೆಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಶೇ. 12ರಷ್ಟು ಹೆಚ್ಚು ಶಕ್ತಿ ಇರುತ್ತದೆ. ಅದಕ್ಕೇ ಮೈಲೇಜ್ ಜಾಸ್ತಿ. ಈ ಭೌತಶಾಸ್ತ್ರ ಇವತ್ತಿಗೂ ಬದಲಾಗಿಲ್ಲ. ಪೆಟ್ರೋಲ್‌ಗೆ ಈಗ ಶೇ. 20 ಎಥನಾಲ್ ಬೆರೆಸುವುದರಿಂದ ಅದರ ಲೀಟರಿನ ಶಕ್ತಿ ಇನ್ನೂ ಆರೇಳು ಶೇಕಡಾ ಇಳಿದಿದೆ ಎಂಬುದೂ ಸೇರಿಕೊಂಡಿದೆ.

ಮೂರನೆಯದು ಸರಳತೆ. 2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿದ್ದದ್ದು ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಇಂಜಿನ್. ಜನ ಪ್ರೀತಿಯಿಂದ ‘ಛೋಟಾ ಹಾಥಿ’ ಎಂದರು. ಹಾದಿಬದಿಯ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸಬಹುದಾಗಿತ್ತು.

ಈ ಮೂರರಲ್ಲಿ ಬೆಲೆಯ ಅಂತರ ಅರ್ಧಕ್ಕೂ ಕೆಳಗೆ ಇಳಿದಿದೆ, ಸರಳತೆ ಪೂರ್ತಿ ಹೋಗಿದೆ. ಉಳಿದಿರುವುದು ಮೈಲೇಜ್ ಒಂದೇ.

ಬಿಎಸ್-6 ಬಂದ ಮೇಲೆ ಏನಾಯಿತು?

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ನಿಯಮ ಬಂತು. ಡೀಸೆಲ್‌ನಲ್ಲಿದ್ದ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5ಕ್ಕೆ, ನೈಟ್ರೋಜನ್ ಆಕ್ಸೈಡ್‌ಗಳ ಮಿತಿ 250ರಿಂದ 80ಕ್ಕೆ ಬಂತು. ಹಗುರ ಸರಕು ಗಾಡಿಗಳಿಗೂ ಇದೇ ಧಾಟಿಯ ಕಡಿತ ಆಯಿತು. 2023ರ ಏಪ್ರಿಲ್‌ನಿಂದ, ಪ್ರಯೋಗಾಲಯದಲ್ಲಿ ಮಾತ್ರವಲ್ಲ, ರಸ್ತೆಯಲ್ಲಿ ಓಡುವಾಗಲೂ ಹೊಗೆ ಹತೋಟಿಯಲ್ಲಿರಬೇಕು ಎಂಬ ಎರಡನೇ ಹಂತ ಬಂತು.

ಇದು ಸುಮ್ಮನೆ ಕಾಟ ಕೊಡಲು ತಂದ ನಿಯಮವಲ್ಲ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಖಚಿತ ಪಟ್ಟಿಗೆ ಸೇರಿಸಿತು. ಎಪಿಎಂಸಿ ಅಂಗಳದಲ್ಲಿ ಸಾಲಾಗಿ ಇಂಜಿನ್ ಚಾಲು ಇಟ್ಟ ಗಾಡಿಗಳ ನಡುವೆ ದಿನವಿಡೀ ಚೀಲ ಹೊರುವ ಹಮಾಲರು ಕುಡಿಯುವುದು ಅದೇ ಹೊಗೆ.

ಮಿತಿ ಮುಟ್ಟಲು ಕಂಪನಿಗಳು ಸೈಲೆನ್ಸರ್ ದಾರಿಯಲ್ಲಿ ಹೊಸ ಸಲಕರಣೆ ಹಾಕಿದವು. ಮುಖ್ಯವಾದವು ಎರಡು. ಒಂದು ಮಸಿ ಹಿಡಿಯುವ ಜರಡಿ, ಅಂದರೆ ಡಿಪಿಎಫ್. ಇನ್ನೊಂದು ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ವ್ಯವಸ್ಥೆ. ಕೆಲವು ಗಾಡಿಗಳಲ್ಲಿ ಇದಕ್ಕೆ ಡಿಇಎಫ್ ಎಂಬ ದ್ರವ ಬೇಕು. ಅದು ಶೇ. 32.5 ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಕೆಲವು ಚಿಕ್ಕ ಗಾಡಿಗಳಲ್ಲಿ ಡಿಇಎಫ್ ಬೇಡದ ಬೇರೆ ತಂತ್ರ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಡೀಸೆಲ್ ಏಸ್ ಗೋಲ್ಡ್ ಪ್ಲಸ್ ಅಂಥದ್ದು.

ಈ ಸಲಕರಣೆಯ ಖರ್ಚಿನಿಂದಾಗಿ ಕೆಲವರು ಚಿಕ್ಕ ಡೀಸೆಲ್ ಇಂಜಿನ್‌ಗಳನ್ನೇ ಕೈಬಿಟ್ಟರು. ಮಾರುತಿಯ ಸೂಪರ್ ಕ್ಯಾರಿ 2016ರಲ್ಲಿ 793 ಸಿಸಿ ಡೀಸೆಲ್ ಇಂಜಿನ್‌ನೊಂದಿಗೆ ಬಂದಿತ್ತು. ಈಗ ಅದು ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಮಾತ್ರ ಸಿಗುತ್ತದೆ. 2025ರ ಜೂನ್‌ನಲ್ಲಿ ಬಂದ ಟಾಟಾ ಏಸ್ ಪ್ರೋ ಕೂಡ ಪೆಟ್ರೋಲ್, ಸಿಎನ್‌ಜಿ-ಪೆಟ್ರೋಲ್ ಮತ್ತು ಎಲೆಕ್ಟ್ರಿಕ್ ರೂಪಗಳಲ್ಲಿ ಬಂತು, ಡೀಸೆಲ್‌ನಲ್ಲಿ ಬರಲಿಲ್ಲ. ಒಂದು ಟನ್ ದಾಟಿದ ಬೊಲೆರೊ ಪಿಕಪ್, ಇಂಟ್ರಾ, ದೋಸ್ತ್‌ನಂಥ ಗಾಡಿಗಳಲ್ಲಿ ಡೀಸೆಲ್ ಗಟ್ಟಿಯಾಗಿ ನಿಂತಿದೆ. ಅಮೆರಿಕದಲ್ಲೂ ಕಥೆ ಹೀಗೆಯೇ. ಅಲ್ಲಿ ರ‍್ಯಾಮ್ 1500 ಎಂಬ ಹಗುರ ಪಿಕಪ್‌ನ ಡೀಸೆಲ್ ಆಯ್ಕೆ 2023ರ ಜನವರಿಯಲ್ಲಿ ನಿಂತಿತು, ಭಾರಿ ಪಿಕಪ್‌ಗಳಲ್ಲಿ ಡೀಸೆಲ್ ಮುಂದುವರಿದಿದೆ.

ಜರಡಿ ಕಟ್ಟಿಕೊಳ್ಳುವುದು ಯಾಕೆ?

ಡಿಪಿಎಫ್ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಅದನ್ನು ಸುಟ್ಟು ಖಾಲಿ ಮಾಡಬೇಕು. ಅದಕ್ಕೆ ಜರಡಿ ಸುಮಾರು 600 ಡಿಗ್ರಿ ಬಿಸಿಯಾಗಬೇಕು. ಗಾಡಿ ಹೆದ್ದಾರಿಯಲ್ಲಿ ಒಂದೇ ಸಮನೆ ಹದಿನೈದು-ಇಪ್ಪತ್ತು ನಿಮಿಷ ಓಡಿದರೆ ಈ ಕೆಲಸ ತಾನಾಗಿಯೇ ಆಗುತ್ತದೆ.

ಈಗ ಎರಡು ಗಾಡಿಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಇಳಕಲ್‌ನಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಹೊಸಪೇಟೆ, ಚಿತ್ರದುರ್ಗದ ಕಡೆ ಹೋಗುತ್ತದೆ. ಅದರ ಜರಡಿಗೆ ತೊಂದರೆಯೇ ಇಲ್ಲ. ಇನ್ನೊಂದು ಬಾಗಲಕೋಟೆ ಹಳೇ ಊರಿನಿಂದ ನವನಗರ, ವಿದ್ಯಾಗಿರಿ ಎಂದು ಅಂಗಡಿ ಅಂಗಡಿಗೆ ನೀರಿನ ಕ್ಯಾನ್ ಇಳಿಸುತ್ತದೆ. ಐದು ನಿಮಿಷ ಓಟ, ಹತ್ತು ನಿಮಿಷ ನಿಲುಗಡೆ. ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಮಸಿ ಸುಡಲು ಗಾಡಿ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಚಾಲಕ ಮಧ್ಯದಲ್ಲೇ ಕೀ ತೆಗೆಯುತ್ತಾನೆ. ಹೀಗೆ ಮತ್ತೆ ಮತ್ತೆ ಆದರೆ ಜರಡಿ ಕಟ್ಟುತ್ತದೆ, ಮೀಟರ್‌ನಲ್ಲಿ ದೀಪ ಹತ್ತುತ್ತದೆ, ಎಳೆತ ಕುಗ್ಗುತ್ತದೆ. ಸುಡದೆ ಉಳಿದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯುವುದೂ ಉಂಟು. ಕಡ್ಡಿ ಅದ್ದಿ ನೋಡಿದಾಗ ಆಯಿಲ್ ಮಟ್ಟ ತಾನಾಗಿಯೇ ಏರಿದ್ದರೆ ಖುಷಿಪಡಬೇಡಿ, ಸರ್ವಿಸ್‌ಗೆ ತೋರಿಸಿ.

ಅಂದರೆ ಎರಡೂ ಗಾಡಿಗಳಲ್ಲಿರುವುದು ಒಂದೇ ಇಂಜಿನ್. ಒಂದು ಓಟದಲ್ಲಿ ಅದು ವರ, ಇನ್ನೊಂದರಲ್ಲಿ ಶಾಪ.

“ಡೀಸೆಲ್‌ಗೆ ಮಾತ್ರ ಎಳೆತ ಇರುವುದು” – ನಿಜವೇ?

ದೊಡ್ಡ ಪಿಕಪ್‌ಗಳಲ್ಲಿ ನಿಜ. ಬೊಲೆರೊ ಪಿಕಪ್‌ನ ಎರಡೂವರೆ ಲೀಟರ್ ಡೀಸೆಲ್ ಇಂಜಿನ್‌ನ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 200 ನ್ಯೂಟನ್ ಮೀಟರ್. ಸೂಪರ್ ಕ್ಯಾರಿಯ ಪೆಟ್ರೋಲ್ ಇಂಜಿನ್‌ನದು ಸುಮಾರು 104. ಒಂದೂವರೆ ಟನ್ ಹೇರಿಕೊಂಡು ಹೊರಡುವವರಿಗೆ ಈ ಅಂತರ ದೊಡ್ಡದು.

ಚಿಕ್ಕ ಗಾಡಿಗಳಲ್ಲಿ ಹಾಗಲ್ಲ. ಕಂಪನಿಯ ಲೆಕ್ಕದ ಪ್ರಕಾರ ಪೆಟ್ರೋಲ್ ಏಸ್ ಗೋಲ್ಡ್‌ನ ಟಾರ್ಕ್ 55, ಡೀಸೆಲ್ ಏಸ್ ಗೋಲ್ಡ್ ಪ್ಲಸ್‌ನದೂ 55. ಮುಕ್ಕಾಲು ಟನ್ ಹೊರುವ ಗಾಡಿಗೆ “ಪೆಟ್ರೋಲ್ ಎಳೆಯಲ್ಲ” ಎನ್ನುವುದು ಹಳೇ ನೆನಪಿನ ಮಾತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ನಡುವೆ ಚಾರ್ಮಾಡಿ, ಆಗುಂಬೆಯಂಥ ಘಾಟಿಯೂ ಇಲ್ಲ.

ಎಳೆತಕ್ಕಿಂತ ಮುಖ್ಯ ನೀವು ಹೇರುವುದು ಏನು ಎಂಬುದು. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ. 900 ಕಿಲೋ ಸಾಮರ್ಥ್ಯದ ಗಾಡಿಯಲ್ಲಿ 180 ಚದರ ಅಡಿಗೆ ಲೋಡ್ ಮುಗಿಯಿತು, ತಟ್ಟೆ ಇನ್ನೂ ಖಾಲಿ ಕಾಣುತ್ತಿರುತ್ತದೆ. ಅದೇ ಇಳಕಲ್‌ನಿಂದ ಸೀರೆಯ ಗಂಟು, ಗುಳೇದಗುಡ್ಡದಿಂದ ಖಣ, ಅಮೀನಗಡದಿಂದ ಕರದಂಟಿನ ಪೆಟ್ಟಿಗೆ ತುಂಬಿದರೆ ಜಾಗ ಮುಗಿಯುತ್ತದೆ, ತೂಕ ಮುಗಿಯುವುದಿಲ್ಲ. ಕಲ್ಲು ಸಾಗಿಸುವವರ ಸಲಹೆ ಸೀರೆ ಸಾಗಿಸುವವರಿಗೆ ಹೊಂದುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ

ಇಲ್ಲಿ ಕೊಟ್ಟ ಅಂಕಿಗಳು ಉದಾಹರಣೆಗೆ ಹಿಡಿದವು. ನಿಮ್ಮ ಅಂಕಿ ಹಾಕಿ ನೋಡಿ.

ಡೀಸೆಲ್ ಗಾಡಿ ಪೆಟ್ರೋಲ್‌ಗಿಂತ 1 ಲಕ್ಷ ರೂಪಾಯಿ ದುಬಾರಿ ಎಂದುಕೊಳ್ಳೋಣ. ಆ ಲಕ್ಷವನ್ನು ಶೇ. 11 ಬಡ್ಡಿಗೆ ನಾಲ್ಕು ವರ್ಷ ಸಾಲ ಮಾಡಿದರೆ ಕೊನೆಗೆ ಕಟ್ಟುವುದು ಸುಮಾರು 1.24 ಲಕ್ಷ.

ಲೋಡ್ ಸಹಿತ ಪೆಟ್ರೋಲ್ ಗಾಡಿ ಲೀಟರಿಗೆ 15, ಡೀಸೆಲ್ ಗಾಡಿ 20 ಕಿ.ಮೀ. ಕೊಡುತ್ತದೆ ಎನ್ನೋಣ. ಮೇಲಿನ ದರದಲ್ಲಿ ಕಿಲೋಮೀಟರಿಗೆ ಪೆಟ್ರೋಲ್‌ಗೆ 6.87 ರೂಪಾಯಿ, ಡೀಸೆಲ್‌ಗೆ 4.55 ರೂಪಾಯಿ. ಡೀಸೆಲ್‌ನಲ್ಲಿ ಉಳಿಯುವುದು 2.32 ರೂಪಾಯಿ. ವರ್ಷಕ್ಕೆ 300 ದಿನದ ಓಟ, ಡೀಸೆಲ್ ನಿರ್ವಹಣೆಗೆ ಹೆಚ್ಚುವರಿ 5 ಸಾವಿರ ಎಂದಿಟ್ಟುಕೊಳ್ಳಿ.

• ದಿನಕ್ಕೆ 40 ಕಿ.ಮೀ.: ವರ್ಷಕ್ಕೆ ನಿವ್ವಳ ಉಳಿತಾಯ ಸುಮಾರು 22,800 ರೂಪಾಯಿ. ಹೆಚ್ಚು ಕೊಟ್ಟ ಹಣ ಮರಳಲು ಸುಮಾರು ಐದೂವರೆ ವರ್ಷ ಬೇಕು. ಸಾಲವೇ ಅದಕ್ಕಿಂತ ಮೊದಲು ತೀರುತ್ತದೆ.

• ದಿನಕ್ಕೆ 120 ಕಿ.ಮೀ.: ವರ್ಷಕ್ಕೆ ಸುಮಾರು 78,500 ರೂಪಾಯಿ ಉಳಿತಾಯ. 19 ತಿಂಗಳಲ್ಲಿ ಹಣ ಮರಳುತ್ತದೆ. ಆಮೇಲೆ ಉಳಿದದ್ದೆಲ್ಲ ಲಾಭ.

ಇಳಕಲ್‌ನಿಂದ ಬಾಗಲಕೋಟೆಗೆ ಸುಮಾರು 60 ಕಿ.ಮೀ. ದಿನವೂ ಒಮ್ಮೆ ಹೋಗಿ ಬಂದರೆ 120 ಆಯಿತು. ಅಂಥವರಿಗೆ ಡೀಸೆಲ್ ಈಗಲೂ ಸರಿ. ದಾಳಿಂಬೆ, ಉಳ್ಳಾಗಡ್ಡಿ ಹೇರಿಕೊಂಡು ಬೆಂಗಳೂರಿನ ದಾರಿ ಹಿಡಿಯುವವರಿಗಂತೂ ಪ್ರಶ್ನೆಯೇ ಇಲ್ಲ. ಬಾದಾಮಿ ಪೇಟೆಯೊಳಗೆ ದಿನಸಿ ಇಳಿಸುವವರಿಗೆ ಅದೇ ಡೀಸೆಲ್ ಸಾಲದ ಮೇಲೊಂದು ಹೊರೆ.

ಸಿಎನ್‌ಜಿ, ಎಲೆಕ್ಟ್ರಿಕ್ ಬಗ್ಗೆ?

ಸಿಎನ್‌ಜಿ ಕಿಲೋಗೆ 90 ರೂಪಾಯಿ, ಕಿಲೋಗೆ 20 ಕಿ.ಮೀ. ಎಂದರೆ ಖರ್ಚು ಕಿಲೋಮೀಟರಿಗೆ 4.50. ಡೀಸೆಲ್‌ಗೆ ಸರಿಸಮ, ಹೊಗೆಯೂ ಕಡಿಮೆ. ಆದರೆ ಗ್ಯಾಸ್ ತುಂಬಿಸಲು 15 ಕಿ.ಮೀ. ಖಾಲಿ ಹೋಗಿ ಬರಬೇಕಾದರೆ, ಸಾಲಿನಲ್ಲಿ ಒಂದು ತಾಸು ನಿಲ್ಲಬೇಕಾದರೆ ಉಳಿತಾಯ ಅಲ್ಲೇ ಮುಗಿಯಿತು. ಕೊಳ್ಳುವ ಮೊದಲು ನಿಮ್ಮ ಓಟದ ದಾರಿಯಲ್ಲಿರುವ ಬಂಕ್‌ಗೆ ಖುದ್ದಾಗಿ ಹೋಗಿ ನೋಡಿ. ಸಿಲಿಂಡರ್‌ನ ತೂಕವೂ ಲೋಡ್‌ನಲ್ಲಿ ಕಳೆಯುತ್ತದೆ ಎಂಬುದು ನೆನಪಿರಲಿ.

ಎಲೆಕ್ಟ್ರಿಕ್ ಏಸ್ ಪ್ರೋದ ಬ್ಯಾಟರಿ 14.4 ಯೂನಿಟ್‌ನದು. ಕಂಪನಿ ಹೇಳುವುದು 155 ಕಿ.ಮೀ. ಲೋಡ್, ಬಿಸಿಲು ಎಲ್ಲ ಸೇರಿ 100 ಎಂದೇ ಹಿಡಿಯಿರಿ. ಚಾರ್ಜಿಂಗ್ ನಷ್ಟ ಸೇರಿ 16 ಯೂನಿಟ್, ಯೂನಿಟ್‌ಗೆ 8 ರೂಪಾಯಿ ಎಂದರೂ ಕಿಲೋಮೀಟರಿಗೆ 1.28 ರೂಪಾಯಿ. ರಾತ್ರಿ ಮನೆ ಮುಂದೆ ಚಾರ್ಜ್ ಮಾಡಿ ಹಗಲು ಊರೊಳಗೆ ಓಡಿಸುವವರಿಗೆ ಇದಕ್ಕಿಂತ ಅಗ್ಗ ಇನ್ನೊಂದಿಲ್ಲ. ಗಾಡಿಯ ಬೆಲೆ ಹೆಚ್ಚು ಎಂಬುದನ್ನು ಮಾತ್ರ ಲೆಕ್ಕಕ್ಕೆ ಸೇರಿಸಿ. ದೂರದ ಬಾಡಿಗೆಗೆ, ಟನ್ನುಗಟ್ಟಲೆ ಕಲ್ಲಿಗೆ ಇದು ಹೊಂದುವುದಿಲ್ಲ.

ಈ ಮೂರು ‘ಉಪಾಯ’ ಮಾಡಬೇಡಿ

1. ಗೊಬ್ಬರದ ಯೂರಿಯಾ ಕರಗಿಸಿ ಡಿಇಎಫ್ ಮಾಡುವುದು. ರೈತರ ಮನೆಯಲ್ಲಿ ಯೂರಿಯಾ ಚೀಲ ಇದ್ದೇ ಇರುತ್ತದೆ, ಹಾಗಾಗಿ ಆಸೆ ಆಗುತ್ತದೆ. ಆದರೆ 2015ರಿಂದ ನಮ್ಮಲ್ಲಿ ಕೃಷಿ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದು ಕಡ್ಡಾಯ. ಆ ಎಣ್ಣೆ, ಗೊಬ್ಬರದ ಕಲ್ಮಶ, ಬೋರ್‌ವೆಲ್ ನೀರಿನ ಸುಣ್ಣ ಸೇರಿ ನಳಿಕೆಯನ್ನೂ ದುಬಾರಿ ಸಲಕರಣೆಯನ್ನೂ ಹಾಳುಮಾಡುತ್ತವೆ. ಸಬ್ಸಿಡಿ ಯೂರಿಯಾವನ್ನು ಬೇಸಾಯ ಬಿಟ್ಟು ಬೇರೆಡೆ ಬಳಸುವುದು ಅಪರಾಧವೂ ಹೌದು.

2. ಡಿಪಿಎಫ್ ಕಿತ್ತು ಖಾಲಿ ಪೈಪ್ ಹಾಕಿಸುವುದು. ಎಳೆತ ಬಂದಂತೆ ಅನಿಸಬಹುದು. ಹೊಗೆ ತಪಾಸಣೆ, ಫಿಟ್‌ನೆಸ್, ವಾರಂಟಿ ಮೂರರಲ್ಲೂ ಸಿಕ್ಕಿಬೀಳುತ್ತೀರಿ. ಹೊಗೆ ಮೊದಲು ಸೇರುವುದು ನಿಮ್ಮದೇ ಓಣಿಯ ಮಕ್ಕಳ ಎದೆಗೆ.

3. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುವುದು. ಬಿಎಸ್-6 ಇಂಜಿನ್‌ನ ಪಂಪ್ ಮತ್ತು ಇಂಜೆಕ್ಟರ್‌ಗಳಿಗೆ ಡೀಸೆಲ್‌ನ ಜಿಡ್ಡೇ ಆಧಾರ. ಸೀಮೆಎಣ್ಣೆ ಅದನ್ನು ತೆಳುವಾಗಿಸುತ್ತದೆ.

ಹಾಗಾದರೆ ಯಾವುದು ಕೊಳ್ಳಬೇಕು?

ಷೋರೂಮಿಗೆ ಹೋಗುವ ಮೊದಲು ಹದಿನೈದು ದಿನ ಒಂದು ನೋಟ್‌ಬುಕ್ ಇಡಿ. ಈಗಿನ ಗಾಡಿಯೋ ಬಾಡಿಗೆ ಗಾಡಿಯೋ, ದಿನಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ಕಿಲೋ ಲೋಡ್, ಒಂದೇ ಸಮನೆ ಎಷ್ಟು ಹೊತ್ತು ಓಟ ಎಂದು ಬರೆಯಿರಿ. ಸುಮಾರು ನೂರು ಕಿಲೋಮೀಟರ್ ದಾಟಿ, ಟನ್ ಹತ್ತಿರ ಲೋಡ್ ಇದ್ದು, ಹೆದ್ದಾರಿ ಓಟ ಇದ್ದರೆ ಡೀಸೆಲ್. ಐವತ್ತರ ಒಳಗೆ, ನಿಂತು ನಿಂತು ಓಡುವ ಊರ ಕೆಲಸವಾದರೆ ಪೆಟ್ರೋಲ್ ಇಲ್ಲವೇ ಎಲೆಕ್ಟ್ರಿಕ್. ನಡುವಿನವರು ದಾರಿಯಲ್ಲಿ ಬಂಕ್ ಇದ್ದರೆ ಸಿಎನ್‌ಜಿ ನೋಡಿ. ಡೀಸೆಲ್ ಸರ್ವಿಸ್ ಸೆಂಟರ್ ನಿಮ್ಮೂರಿನಿಂದ ಎಷ್ಟು ದೂರ ಎಂದೂ ಕೇಳಿ. ಈಗಾಗಲೇ ಡೀಸೆಲ್ ಗಾಡಿ ಇರುವವರು ಹೆದರಿ ಅರ್ಧ ಬೆಲೆಗೆ ಮಾರಬೇಕಾಗಿಲ್ಲ. ಊರೊಳಗಿನ ಓಟವೇ ಹೆಚ್ಚಿದ್ದರೆ ವಾರಕ್ಕೊಮ್ಮೆ ಹೆದ್ದಾರಿಯ ಬಾಡಿಗೆ ಹಿಡಿದು ಅರ್ಧ ತಾಸು ಒಂದೇ ಸಮನೆ ಓಡಿಸಿ, ಜರಡಿ ಸ್ವಚ್ಛವಾಗುತ್ತದೆ.

“ಡೀಸೆಲ್ ಬಂದ್” ಎಂಬ ಸಂದೇಶ ಮತ್ತೆ ಬಂದರೆ ಯಾವ ಊರಿಗೆ, ಯಾವ ಆದೇಶ, ಯಾವ ದಿನಾಂಕ ಎಂದು ಕೇಳಿ. ಉತ್ತರ ಬರದಿದ್ದರೆ ಮುಂದಕ್ಕೆ ಕಳಿಸಬೇಡಿ. ಕಳಿಸಲೇಬೇಕೆನಿಸಿದರೆ ಮೇಲಿನ ಲೆಕ್ಕವನ್ನು ಕಳಿಸಿ. ಗಾಡಿ ಕೊಳ್ಳಲು ಹೊರಟ ಯಾರಿಗಾದರೂ ಉಪಯೋಗಕ್ಕೆ ಬಂದೀತು.